ಒನಕೆ ದಾಟುವ ಬೆಳಗು

ಅದು ಯಾವ ವರ್ಷ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಎರಡು ಉತ್ತರಗಳಿವೆ. ಎರಡರಲ್ಲೂ ನನಗೆ ನಂಬಿಕೆಯಿಲ್ಲ. ಯುದ್ಧ ಇನ್ನೂ ನಡೆಯುತ್ತಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅಷ್ಟು ನಿಜ. ಅವರೆಕಾಯಿ ಇತ್ತು, ಆದ್ದರಿಂದ ಚಳಿಗಾಲ. ಸಂಕ್ರಾಂತಿಗೆ ಮುಂಚೆಯೋ ಆಮೇಲೋ ಹೇಳಲಾರೆ. ಆ ವರ್ಷ ನಮ್ಮೂರಲ್ಲಿ ಯಾರೂ ದನಗಳನ್ನು ಕಿಚ್ಚು ಹಾಯಿಸಲಿಲ್ಲ. ಊರೇ ಊರಲ್ಲಿರಲಿಲ್ಲ.

ಒಂದು ಮಧ್ಯಾಹ್ನ ಆ ಖಾಲಿ ಊರಿನ ನಮ್ಮ ಮನೆಯಲ್ಲಿ ನನ್ನ ಸೋದರತ್ತೆ ಎದುರಿಗೆ ಕೂತು ಒಂದು ಮಾತು ಕೇಳಿದಳು. ಅದನ್ನು ಕೇಳಿದ ಮೇಲೆ ಸ್ವಲ್ಪ ಹೊತ್ತು ನನ್ನೊಳಗೆ ಯಾವಾಗಲೂ ಓಡುತ್ತಿದ್ದ ಏನೋ ಒಂದು ನಿಂತುಹೋಯಿತು. ಅವಳು ನಿಜವಾಗಿ ಬಂದಿದ್ದಳೇ, ಇಲ್ಲವೇ ಜ್ವರದ ತಲೆ ಅವಳನ್ನು ಕರೆತಂದಿತೇ, ಆಮೇಲೆ ನಾನು ಓದಿದ ಪುಸ್ತಕಗಳು ಅವಳ ಬಾಯಿಗೆ ಮಾತು ತುರುಕಿದವೇ ಎಂದು ಬಹಳ ಕಾಲ ನನ್ನೊಂದಿಗೇ ವಾದ ಮಾಡಿದ್ದೇನೆ. ಮೈಸೂರಿನಲ್ಲಿ ಬಿ.ಎಸ್‌ಸಿ. ಓದಿದವನು ನಾನು. ನೋಡಿದ್ದನ್ನೂ ನೋಡಿದೆ ಎಂದುಕೊಂಡದ್ದನ್ನೂ ಬೇರೆ ಬೇರೆ ಇಡಬೇಕೆಂದು ನನಗೆ ಕಲಿಸಿದ್ದರು. ಈ ಒಂದು ಮಧ್ಯಾಹ್ನದ ವಿಷಯದಲ್ಲಿ ಅದು ನನ್ನಿಂದ ಆಗಿಲ್ಲ.

ಹೋದ ಚಳಿಗಾಲ ಮಂಡ್ಯದ ಸಂತೆಯಲ್ಲಿ ಅವರೆಕಾಯಿಯ ರಾಶಿಯ ಮುಂದೆ ನಿಂತಿದ್ದೆ. ಬೆಳಗಿನ ಇಬ್ಬನಿಗೆ ಸೊಗಡು ಘಮ್ಮೆಂದು ಏಳುತ್ತಿತ್ತು. ಮಾರುವ ಹೆಂಗಸು ಎಷ್ಟು ಬೇಕು ಎಂದು ಕೇಳುತ್ತಿದ್ದಾಳೆ, ನನ್ನ ಬಲಗೈ ತಾನಾಗಿ ಪಂಚೆಯ ಮೇಲೆ ತೊಡೆಸಂದಿಯನ್ನು ತಡವುತ್ತಿದೆ. ನಡು ಸಂತೆಯಲ್ಲಿ, ಮಾನವಂತ ಮುದುಕ. ಆ ಹೆಂಗಸು ಮುಖ ತಿರುಗಿಸಿಕೊಂಡಳು. ಇಷ್ಟು ವರ್ಷವಾದರೂ ಮೂಗಿಗೆ ಆ ವಾಸನೆ ಬಿದ್ದರೆ ಕೈಗೆ ಆ ಭಯ ಗೊತ್ತಾಗುತ್ತದೆ. ತಲೆಗೆ ತಿಳಿಯುವುದು ಆಮೇಲೆ.

ಆಗ ನಾನು ಮದ್ದೂರಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಪೇಟೆಯಲ್ಲಿ ಇಲಿ ಸತ್ತು ಬೀಳಲು ಶುರುವಾಗಿ ಶಾಲೆಗೆ ಬೀಗ ಹಾಕಿದರು. ಹೆಂಡತಿಯನ್ನೂ ಎಳೆಮಗುವನ್ನೂ ಹಲಗೂರಿನ ಅವಳ ತವರಿಗೆ ಗಾಡಿ ಹತ್ತಿಸಿ, ಮಂಡ್ಯದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಕೊತ್ತತ್ತಿ ದಾರಿಯಲ್ಲಿ ನಡೆದು ನಮ್ಮೂರು ಸೇರಿಕೊಂಡೆ. ಹಳ್ಳಿಯಲ್ಲಿ ಗಾಳಿ ಶುದ್ಧ, ರೋಗ ಬರಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಪಾಠ ಹೇಳಿಕೊಂಡಿದ್ದೆ. ಬಂದು ವಾರವಾಗಿತ್ತೋ ಇಲ್ಲವೋ, ನಮ್ಮ ಬೀದಿಯ ಕೊನೆಯ ಮನೆಯ ಜಂತೆಯಿಂದ ಇಲಿಯೊಂದು ಉಣ್ಣುತ್ತಿದ್ದವರ ಮಧ್ಯೆ ಬಿತ್ತು. ಬಿದ್ದದ್ದು ಓಡಲಿಲ್ಲ. ಕುಡಿದವರ ಹಾಗೆ ಸುತ್ತು ಹಾಕಿ ತಟ್ಟೆಯ ಪಕ್ಕದಲ್ಲೇ ಸತ್ತಿತು.

ಊರಿನ ಯಜಮಾನರು ಬೋರೇಗೌಡರು. ಅವತ್ತೇ ಊರು ಬಿಡಬೇಕೆಂದು ಸಾರಿಸಿದರು. ಕಾಲುವೆಯ ಆಚೆ, ಕಬ್ಬಿನ ಗದ್ದೆಗಳನ್ನು ದಾಟಿದರೆ ಸಿಗುವ ದಿಬ್ಬದ ಮೇಲೆ, ಕಬ್ಬಿನ ಸೋಗೆ ಹೊದಿಸಿ ಗುಡಿಸಲುಗಳೆದ್ದವು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರಿಂದ ನನಗೆ ಒಂಟಿ ಗುಡಿಸಲು. ನಿಂಗಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ, ಪಕ್ಕದಲ್ಲಿ ಇನ್ನಿಬ್ಬರು ವಿಧವೆಯರ ಜೊತೆ. ಬಾಗಿಲಿಗೆ ಬೀಗ ಹಾಕಿ, ಬೀಗದ ಮೇಲೆ ಮುಳ್ಳಿನ ಕೊಂಬೆ ಎಳೆದು, ದನ, ರಾಗಿ, ಒಲೆಗುಂಡು ಹೊತ್ತುಕೊಂಡು ಎಲ್ಲರೂ ಕಾಲುವೆ ದಾಟಿದರು. ಮತ್ತೆ ಊರೊಳಕ್ಕೆ ಕಾಲಿಟ್ಟವರನ್ನು ದಿಬ್ಬಕ್ಕೆ ಸೇರಿಸುವುದಿಲ್ಲ ಎಂದು ಗೌಡರು ಆಣೆ ಹಾಕಿಸಿದರು. ಆ ರೋಗದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು, ಅಥವಾ ಗಲ್ಲವನ್ನು ಊರ ಕಡೆಗೆ ಎತ್ತಿ ತೋರಿಸುತ್ತಿದ್ದರು.

ಒನಕೆಯ ಏರ್ಪಾಡನ್ನು ಮಾಡಿದವರೂ ಗೌಡರೇ. ದಿಬ್ಬದಿಂದ ಕಾಲುವೆಗೆ ಇಳಿಯುವ ದಾರಿಗೆ ಅಡ್ಡಲಾಗಿ, ಎರಡು ಕಲ್ಲುಗಳ ಮೇಲೆ, ಮೊಣಕಾಲೆತ್ತರಕ್ಕೆ ಒಂದು ಒನಕೆ. ಬೆಳಕು ಹರಿಯುತ್ತಲೇ ಗಂಡು, ಹೆಣ್ಣು, ಮಕ್ಕಳು ಎಲ್ಲರೂ ಅದನ್ನು ದಾಟಿಯೇ ನೀರಿಗೆ ಹೋಗಬೇಕು. ಗೌಡರು ಕಂಬಳಿ ಹೊದ್ದು ಪಕ್ಕದಲ್ಲಿ ಕೂತಿರುತ್ತಿದ್ದರು. ತೊಡೆಸಂದಿಯಲ್ಲಿ ಗೆಡ್ಡೆ ಎದ್ದವನು ಕಾಲೆತ್ತಲಾರ; ಎತ್ತಿದರೂ ಮುಖ ಹೇಳುತ್ತದೆ. ಮುಟ್ಟುವ ಹಾಗಿಲ್ಲ, ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಹಳೆಯ ಕಾಲದಿಂದ ಬಂದ ಪದ್ಧತಿ ಅದು ಎಂದರು. ನಾನು ಬೇರೆಲ್ಲೂ ಕೇಳಿಲ್ಲ.

ಮೊದಲ ದಿನ ನಾನು ಒನಕೆಯ ಮುಂದೆ ನಿಂತು ನಕ್ಕೆ. ಹಿಂದಿನ ಸಂಜೆಯಷ್ಟೇ ದಿಬ್ಬದ ಜನರನ್ನು ಕೂರಿಸಿಕೊಂಡು, ಇಲಿಯ ಮೈಮೇಲಿನ ಚಿಗಟ ಕಚ್ಚುವುದರಿಂದ ಇದು ಬರುತ್ತದೆ, ಮಾರಿಯಿಂದಲ್ಲ, ಎಂದು ಭಾಷಣ ಮಾಡಿದ್ದೆ. ಚೆನ್ನಾಗಿಯೇ ಮಾಡಿದ್ದೆ. ಇದು ವಿಜ್ಞಾನಕ್ಕೆ ಒಪ್ಪುವ ಪರೀಕ್ಷೆಯಲ್ಲ ಎಂದು ಗೌಡರಿಗೆ ಹೇಳಿದೆ.

"ದಾಟಿ ಮೇಷ್ಟ್ರೇ," ಅಂದರು ಅವರು. "ನೀವು ಬಿ.ಎಸ್‌ಸಿ. ಅಂತ ಒನಕೆಗೆ ಗೊತ್ತಿಲ್ಲ."

ಹಿಂದೆ ನಿಂತವರು ಕಿಸಕ್ಕೆಂದರು. ನಾನು ದಾಟಿದೆ. ಅವಮಾನವಾಯಿತು, ಅದು ಸ್ಪಷ್ಟವಾಗಿ ನೆನಪಿದೆ. ಸಾವಿನ ಬಾಯಲ್ಲಿ ಕೂತಿದ್ದ ಆ ದಿನಗಳಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವುದು ಒಂದು ಅವಮಾನ.

ಆಮೇಲೆ ಚಿಕ್ಕಸಿದ್ದನ ಬೆಳಗು ಬಂತು. ಗಾಣದ ಎತ್ತುಗಳನ್ನು ಹೊಡೆಯುತ್ತಿದ್ದ ಗಟ್ಟಿ ಆಳು ಅವನು, ದಿಬ್ಬಕ್ಕೆಲ್ಲ ನಗೆಚಾಟಿಕೆಯವನು. ಒನಕೆಯ ಮುಂದೆ ನಿಂತ. ಎಡಗಾಲೆತ್ತಿದ, ಇಳಿಸಿದ. ಬಲಗಾಲೆತ್ತಿದ, ಇಳಿಸಿದ. ಮತ್ತೆ ಗೌಡರನ್ನು ನೋಡಿ ನಗಲು ನೋಡಿದ. ಗೌಡರು ಕೆರೆ ಏರಿಯ ಕಡೆ ಕೈ ತೋರಿಸಿದರು. ಅಲ್ಲಿ ಹುಣಸೆಮರದ ಕೆಳಗೆ ಒಂದು ಜೋಪಡಿ ಮಾಡಿ, ಒಂದು ಹರವಿ ನೀರು ಇಟ್ಟಿದ್ದರು. ಚಿಕ್ಕಸಿದ್ದ ತಾನೇ ನಡೆದು ಹೋದ. ಅವನ ಹೆಂಡತಿ ದೂರದ ಕಲ್ಲಿನ ಮೇಲೆ ಅಂಬಲಿ ಇಟ್ಟು ಕೂಗಿ ಬರುತ್ತಿದ್ದಳು. ಒಂದು ದಿನ ಅಂಬಲಿ ಹಾಗೇ ಇತ್ತು.

ಅವತ್ತಿನಿಂದ ಯಾರೂ ಕಿಸಕ್ಕೆನ್ನಲಿಲ್ಲ. ಒನಕೆಯ ಮುಂದೆ ಸಾಲು ನಿಂತಾಗ ದಿಬ್ಬದಲ್ಲಿ ಕೋಳಿ ಕೆದಕುವ ಸದ್ದು ಕೇಳುತ್ತಿತ್ತು. ನಾನು ಮನಸ್ಸಿನಲ್ಲೇ ಕೊಸರಾಡುತ್ತಿದ್ದೆ: ಹಿಂದಿನ ವರ್ಷ ಹಾಕಿಸಿಕೊಂಡ ಸೂಜಿಯ ಬಲ ಉಳಿದಿದೆಯೇ ಇಲ್ಲವೇ, ಆ ಇಲಿ ಬಿದ್ದ ಮನೆಗೂ ನಮ್ಮ ಮನೆಗೂ ಎಷ್ಟು ದೂರ. ಗುಡಿಸಲಿನ ಸೋಗೆ ಸರಪರ ಎಂದರೆ ಎದ್ದು ಕೂರುತ್ತಿದ್ದೆ. ಕಬ್ಬಿನ ಗದ್ದೆ ಎಂದರೆ ಇಲಿಗಳ ತವರು. ನಾವು ಇಲಿಗೆ ಹೆದರಿ ಓಡಿ ಬಂದು ಇಲಿಗಳ ನೆರೆಯಲ್ಲಿ, ಅವುಗಳ ಹಾಸಿಗೆಯನ್ನೇ ಹೊದ್ದು ಮಲಗಿದ್ದೆವು. ಭಾಷಣದಲ್ಲಿ ಇದನ್ನು ನಾನು ಹೇಳಿರಲಿಲ್ಲ. ಹೊಳೆದದ್ದೇ ಆಮೇಲೆ.

ಕಾಲುವೆಯಲ್ಲಿ ಸ್ನಾನ ಮಾಡುವಾಗ ಕೈಗೆ ಅದು ಸಿಕ್ಕಿತು. ಬಲ ತೊಡೆಸಂದಿಯಲ್ಲಿ, ಗೋಲಿಯಷ್ಟು ಗಾತ್ರ, ಒತ್ತಿದರೆ ನೋವು. ನೀರು ಸೊಂಟದವರೆಗೆ ಇತ್ತು. ಸೊಂಟದ ಮೇಲಿನ ನಾನು ಬಿಸಿಲಿನಲ್ಲಿದ್ದೆ. ಮತ್ತೆ ತಡವಿದೆ. ಇತ್ತು. ಬಟ್ಟೆ ಉಟ್ಟು ಗುಡಿಸಲಿಗೆ ಬಂದು ಮತ್ತೆ ತಡವಿದೆ. ಮೈ ಬೆಚ್ಚಗಿತ್ತು, ಬಿಸಿಲಿನದೋ ಜ್ವರದ್ದೋ ಗೊತ್ತಾಗಲಿಲ್ಲ. ಪುಸ್ತಕದಲ್ಲಿ ಓದಿದ ಲಕ್ಷಣಗಳೆಲ್ಲ ಸಾಲಾಗಿ ಬಂದು ನಿಂತವು, ಒಂದೊಂದನ್ನೂ ನನ್ನ ಮೈಯಲ್ಲಿ ಹುಡುಕಿದೆ, ಒಂದೊಂದೂ ಸಿಕ್ಕಿತು. ನಾಲಗೆ ಒಣಗಿತ್ತು. ಕಣ್ಣು ಉರಿಯುತ್ತಿತ್ತು.

ಹೆದರಿದ ಮನಸ್ಸು ಏನು ಮಾಡುತ್ತದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಅದು ಕತೆ ಕಟ್ಟುತ್ತದೆ. ಹಲಗೂರಿಗೆ ಸುದ್ದಿ ಹೋಗುವುದನ್ನು ಕಂಡೆ, ಹೆಂಡತಿ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಕುಸಿಯುವುದನ್ನು ಕಂಡೆ. ಶಾಲೆಯಲ್ಲಿ ಹೆಡ್‌ಮಾಸ್ಟರು ನನ್ನ ಬಗ್ಗೆ ಎರಡು ಮಾತಾಡುವುದನ್ನು ಕೇಳಿದೆ. ಅವರ ಮಾತು ನನಗೆ ಸಾಲದೆನಿಸಿ, ಅವರ ಬದಲು ನಾನೇ ಇನ್ನೂ ಒಳ್ಳೆಯ ಮಾತು ಜೋಡಿಸಿದೆ. ಎಲ್ಲಕ್ಕಿಂತ ಮುಂದೆ ಬಂದು ನಿಂತದ್ದು ನಾಳೆಯ ಬೆಳಗು. ಚಿಗಟದ ಭಾಷಣ ಮಾಡಿದ ಮೇಷ್ಟ್ರು ಒನಕೆಯ ಮುಂದೆ ಕಾಲೆತ್ತಲಾರದೆ ನಿಂತಿರುವುದು, ಜನ ನೋಡುತ್ತಿರುವುದು. ಹುಣಸೆಮರದ ಜೋಪಡಿ, ಹರವಿ ನೀರು, ಕಲ್ಲಿನ ಮೇಲೆ ಅಂಬಲಿ.

ಆ ಜೋಪಡಿಯಲ್ಲಿ ಸಾಯಲಾರೆ ಅನಿಸಿತು. ಸಾಯುವುದಾದರೆ ನನ್ನ ಮನೆಯಲ್ಲಿ, ಯಾರೂ ನೋಡದ ಹಾಗೆ. ಬೀಗದಕೈ ಉಡಿದಾರದಲ್ಲೇ ಇತ್ತು. ದಿಬ್ಬದವರು ಉಂಡು ಅಡ್ಡಾಗಿದ್ದ ಹೊತ್ತಿನಲ್ಲಿ ಗದ್ದೆಯ ಬದು ಹಿಡಿದು ಊರಿಗೆ ಹೊರಟೆ.

ಖಾಲಿ ಊರನ್ನು ಹಗಲಲ್ಲಿ ನೋಡಬಾರದು. ಕತ್ತಲಾದರೆ ಮಲಗಿದೆ ಎಂದಾದರೂ ಅಂದುಕೊಳ್ಳಬಹುದು. ನೆತ್ತಿಯ ಮೇಲೆ ಸೂರ್ಯ, ಬೀದಿಯುದ್ದಕ್ಕೂ ಮುಳ್ಳು ಎಳೆದ ಬಾಗಿಲುಗಳು, ಜಗಲಿಯ ಮೇಲೆ ಯಾರೋ ಮರೆತ ಒಂದು ಮೊರ. ನಾಯಿ ಕೂಡ ಇಲ್ಲ. ಗಾಳಿ ತಿರುಗಿದಾಗ ಎಲ್ಲಿಂದಲೋ ಕೊಳೆತ ವಾಸನೆ. ನನ್ನ ಹೆಜ್ಜೆ ನನ್ನ ಹಿಂದೆ ಬರುತ್ತಿದೆ ಎನಿಸಿ ಎರಡು ಸಲ ತಿರುಗಿ ನೋಡಿದೆ. ಬೀಗ ತೆಗೆದು ನಡುಮನೆಯ ಗೋಡೆಗೆ ಒರಗಿ ಕೂತೆ. ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಕಂಬದ ಬುಡಕ್ಕೆ ಬಿದ್ದಿತ್ತು. ರಾಗಿಯ ಕಣಜದ ಹತ್ತಿರ ಬಾಲ ಮಾತ್ರ ಕಾಣುವ ಹಾಗೆ ಏನೋ ಸತ್ತು ಬಿದ್ದಿತ್ತು. ಎದ್ದು ಹೊರಗೆ ಹೋಗುವಷ್ಟು ಬಲವೂ ಇರಲಿಲ್ಲ, ಅಲ್ಲಿರುವಷ್ಟು ಧೈರ್ಯವೂ ಇರಲಿಲ್ಲ.

ಎಷ್ಟು ಹೊತ್ತು ಹಾಗಿದ್ದೆನೋ. ಬಾಗಿಲಲ್ಲಿ ನೆರಳಾಯಿತು. ನಿಂಗಮ್ಮತ್ತೆ. ಕಂಕುಳಲ್ಲಿ ಒಂದು ಮಡಕೆ.

ನಿಂಗಮ್ಮತ್ತೆಯನ್ನು ಯಾರೂ ಒಳ್ಳೆಯವಳು ಎನ್ನುತ್ತಿರಲಿಲ್ಲ. ಮಜ್ಜಿಗೆ ಕೇಳಿದವರಿಗೆ ನೀರು ಬೆರೆಸಿ ಕೊಡುವವಳು, ಎರಡು ಬೀದಿಗೆ ಕೇಳಿಸುವ ಹಾಗೆ ಬಯ್ಯುವವಳು, ಕಪ್ಪೆ ಕಂಡರೆ ಮಾತ್ರ ಒರಳಿನ ಮೇಲೆ ಹತ್ತಿ ನಿಲ್ಲುವವಳು. ಅವಳ ದವಡೆಯ ಕೆಳಗೆ ಚರ್ಮ ಮುದುರಿದ ಒಂದು ಹಳೆಯ ಕಲೆಯಿತ್ತು. ಹುಡುಗಿಯಾಗಿದ್ದಾಗ ಇದೇ ರೋಗ ಬಂದು ಉಳಿದವಳು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವಳು ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಪಾಠ ಮಾಡಾನ ಅಂತ ಬಂದ್ಯೇನ್ಲಾ?" ಅಂದಳು. "ಈ ಊರಲ್ಲಿ ಇಲಿನೂ ಉಳಿದಿಲ್ಲ ಕಣ್ಲಾ ನಿನ್ ಪಾಠ ಕೇಳಕ್ಕೆ."

"ಒಳಿಕ್ಕೆ ಬರ್ಬ್ಯಾಡ ಅತ್ತೆ. ನಂಗೆ ಗೆಡ್ಡೆ ಎದ್ದದೆ."

ಆ ಪದ ಬಾಯಿಂದ ಬಂದದ್ದೇ ನಾನು ಅಳುತ್ತಿದ್ದೆ. ಅವಳು ಹೊಸ್ತಿಲಲ್ಲಿ ನಿಂತಳು. ಅವಳ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಬಾಗಿಲ ಬೆಳಕಿಗೆ ಬೆನ್ನಾಗಿದ್ದುದರಿಂದ ಅಲ್ಲಿ ಬರಿಯ ಕಪ್ಪು. ಆಮೇಲೆ ಅವಳು ಒಳಗೆ ಬಂದು, ಕಂಬಕ್ಕೆ ಒರಗಿ ನನ್ನ ಎದುರಿಗೆ ಕೂತು, ಮಡಕೆಯನ್ನು ಮಧ್ಯೆ ಇಟ್ಟಳು. ಅದರಲ್ಲಿ ನೆನೆಹಾಕಿದ ಅವರೆಕಾಳು. ಸಂಜೆಗೆ ನಮ್ಮಿಬ್ಬರಿಗೆ ಹಿದುಕಬೇಳೆ ಎಸರು ಮಾಡಲು ಹಿದುಕುತ್ತಾ ಕೂತಿದ್ದವಳು, ನಾನು ಬದು ಹಿಡಿದು ಹೋಗುವುದನ್ನು ಕಂಡು ಮಡಕೆ ಸಮೇತ ಎದ್ದು ಬಂದಿದ್ದಳಂತೆ. ಬಿಟ್ಟು ಬಂದರೆ ಪಕ್ಕದವರು ಕಾಳು ಕದಿಯುತ್ತಾರಲ್ಲ.

ಅವಳು ಹಿದುಕತೊಡಗಿದಳು. ನೀನೂ ಕೈಯಾಡಿಸು ಎಂದಳು. ನಾನು ಕೈಯಾಡಿಸುತ್ತಾ ಹೇಳುತ್ತಾ ಹೋದೆ: ನಾಳೆ ಒನಕೆ, ನಾಡಿದ್ದು ಜೋಪಡಿ, ಹಲಗೂರಿನ ಅಂಗಳ, ಅಪ್ಪನಿಲ್ಲದೆ ಬೆಳೆಯುವ ಮಗು, ಆ ಮಗುವಿನ ಮದುವೆಯವರೆಗೂ ಹೋದೆ ಎಂದು ಕಾಣುತ್ತದೆ. ಅವಳು ತಡೆಯಲಿಲ್ಲ. ನನ್ನ ಉಸಿರು ತೀರಿದ ಮೇಲೆ ಕೇಳಿದಳು.

"ಈಗ ಏನಾಗದೆ?"

ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ.

"ನಾಳಿಕಲ್ಲ ಕಣ್ಲಾ. ಈಗ. ಸತ್ತಿದ್ದೀಯ?"

"ಇಲ್ಲ."

"ನಿನ್ನೆಡ್ತಿ ಎಲ್ಲವ್ಳೆ?"

"ಹಲಗೂರಲ್ಲಿ."

"ಅಳ್ತಾವ್ಳಾ?"

"ಗೊತ್ತಿಲ್ಲ."

"ಮತ್ತೆ ಇಷ್ಟೊತ್ತು ಇಲ್ಲಿ ಅಳ್ತಿದ್ದೋಳು ಯಾರು? ನೀನೇ ಅಳ್ಸಿ ನೀನೇ ನೋಡ್ತಾ ಕುಂತಿದ್ದೀಯ. ಅವ್ಳು ಪಾಪ ಅಲ್ಲಿ ಕೂಸಿಗೆ ಆಲು ಕುಡಿಸ್ತಾ ಇರ್ತಾಳೆ."

ನನಗೆ ನಗು ಬಂತು ಎಂದರೆ ನಂಬುತ್ತೀರೋ ಇಲ್ಲವೋ. ಅಳುವಿನ ನಡುವೆಯೇ ಬಂತು. ಅವಳು ನಗಲಿಲ್ಲ. ಕಾಳಿನ ಮೇಲೆ ಕಣ್ಣಿಟ್ಟೇ, ತಾನು ಹುಡುಗಿಯಾಗಿದ್ದಾಗ ಇಂಥದೇ ಜೋಪಡಿಯಲ್ಲಿ ಹರವಿ ನೀರಿನ ಜೊತೆ ಮಲಗಿದ್ದನ್ನು ಹೇಳಿದಳು. ಅವಳ ಪಕ್ಕದಲ್ಲಿ ಒಬ್ಬಾಕೆ ಸತ್ತಿದ್ದಳಂತೆ. ಅತ್ತೆ ಮೊದಲು ದೇವರನ್ನು ಕರೆದಳು, ಆಮೇಲೆ ಅವ್ವನನ್ನು. ಇಬ್ಬರೂ ಬರಲಿಲ್ಲ. ಆಮೇಲೆ ಮಾಡಲು ಏನೂ ಉಳಿಯದೆ, ಭಯವನ್ನೇ ನೋಡುತ್ತಾ ಮಲಗಿದಳಂತೆ.

"ಭಯ ಅನ್ನೋದು ಎಮ್ಮೆ ಇದ್ದಂಗೆ ಕಣ್ಲಾ. ದೊಣ್ಣೆ ತಕ್ಕಂಡು ಓದ್ರೆ ಮೇಲೇ ಬತ್ತದೆ. ಓಡಿದ್ರೆ ಅಟ್ಟಿಸ್ಕಂಡು ಬತ್ತದೆ. ಸುಮ್ಕೆ ನೋಡ್ತಾ ಕುಂತ್ಕಂಡ್ರೆ ಒಸಿ ಮೂಸ್ತದೆ, ಓಯ್ತದೆ."

"ನಿಂಗೆ ಭಯ ಆಗಲ್ವಾ ಅತ್ತೆ?"

"ಯಾಕಾಗಲ್ಲ? ಈ ಒಸ್ಲು ದಾಟಕ್ಕೆ ಕಾಲೇ ಏಳ್ಲಿಲ್ಲ ನಂಗೆ. ಮಾತು ಸಾಕು, ಕಾಳು ನೋಡು. ಬೇಳೆ ಮುರೀತಾ ಇದ್ದೀಯ."

ಕಾಳು ನೋಡಿದೆ. ನೆನೆದ ಅವರೆಯನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಒತ್ತಿದರೆ, ಎಲ್ಲಿ ಬಿರಿಯಬೇಕೋ ಅಲ್ಲಿ ಸಿಪ್ಪೆ ಬಿರಿದು, ಬೇಳೆ ಪುಳಕ್ಕನೆ ಜಿಗಿಯುತ್ತದೆ. ಹೆಚ್ಚು ಒತ್ತಿದರೆ ಮುರಿಯುತ್ತದೆ, ಕಡಿಮೆಯಾದರೆ ಜಾರುತ್ತದೆ. ಒಂದು. ಮತ್ತೊಂದು. ಬೇಳೆ ನೀರಿಗೆ ಬೀಳುವ ಸದ್ದು. ಸಿಪ್ಪೆ ಪಕ್ಕಕ್ಕೆ. ಬಿಸಿಲಿನ ಕೋಲಿನಲ್ಲಿ ಧೂಳು ಏಳುತ್ತಿತ್ತು, ಇಳಿಯುತ್ತಿತ್ತು. ಹೊಟ್ಟೆಯಲ್ಲಿ ಭಯ ಇತ್ತು, ಕೆಂಡದ ಹಾಗೆ ಬೆಚ್ಚಗೆ, ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಾಗಿತ್ತು. ಆದರೆ ಹೆದರುತ್ತಿದ್ದವನು ಕಾಣಲಿಲ್ಲ. ಈ ವಾಕ್ಯವನ್ನು ಎಷ್ಟೋ ಸಲ ಬರೆದು ಹೊಡೆದುಹಾಕಿದ್ದೇನೆ. ಅದಕ್ಕೆ ಅರ್ಥವಿಲ್ಲ ಎಂದು ನನ್ನ ವಿದ್ಯೆ ಹೇಳುತ್ತದೆ. ಆದರೂ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಕೈ ಇತ್ತು, ಕಾಳು ಇತ್ತು, ಎದುರಿಗೆ ಮುದುಕಿ ಇದ್ದಳು, ಸೊಗಡಿನ ವಾಸನೆ ಇತ್ತು. ಅಷ್ಟೇ ಇತ್ತು, ಅಷ್ಟು ಸಾಕಾಗಿತ್ತು.

ಅದು ಎಷ್ಟು ಹೊತ್ತು ನಿಂತಿತೋ ತಿಳಿಯದು. ಹೋದದ್ದು ಹೇಗೆಂದು ಮಾತ್ರ ಗೊತ್ತು. 'ನೋಡು, ನಾನು ಎಷ್ಟು ಶಾಂತವಾಗಿದ್ದೇನೆ' ಎಂದು ಒಳಗೆ ಯಾರೋ ಹೇಳಿದ. ಶಾಲೆಯಲ್ಲಿ ಇದನ್ನು ಹೇಗೆ ವಿವರಿಸಬೇಕು ಎಂದು ಆಗಲೇ ಮಾತು ಜೋಡಿಸುತ್ತಿದ್ದ. ಅವನ ಗುರುತು ತಟ್ಟನೆ ಸಿಕ್ಕಿತು. ಒನಕೆಯ ಮುಂದೆ ನಕ್ಕವನೂ, ಹೆಡ್‌ಮಾಸ್ಟರ ಮಾತು ಸಾಲದೆಂದು ತಿದ್ದಿದವನೂ, ಜೋಪಡಿಯಲ್ಲಿ ಸಾಯುವುದು ತನ್ನ ಅಂತಸ್ತಿಗೆ ಕಡಿಮೆ ಎಂದು ಇಲ್ಲಿಗೆ ನಡೆದು ಬಂದವನೂ ಅವನೇ. ಇಷ್ಟು ದಿನ ಅವನನ್ನು 'ನಾನು' ಎಂದು ಕರೆಯುತ್ತಿದ್ದೆ. ಅವನು ಸಾಯುವುದಕ್ಕೆ ಹೆದರಿದ್ದನೋ, ಸಾಯುವಾಗ ಚಿಕ್ಕವನಾಗಿ ಕಾಣುವುದಕ್ಕೆ ಹೆದರಿದ್ದನೋ, ಈಗಲೂ ಬಿಡಿಸಿ ಹೇಳಲಾರೆ.

ಆಗಲೇ ಪಾದ ಮಿಡಿಯುತ್ತಿರುವುದು ಗೊತ್ತಾಯಿತು. ಬಲ ಅಂಗಾಲು, ಟಕ್ ಟಕ್ ಎಂದು ಮಿಡಿಯುತ್ತಿತ್ತು. ಅದು ಹೊಸದಾಗಿ ಶುರುವಾದದ್ದಲ್ಲ. ಬೆಳಗಿನಿಂದಲೂ ಇತ್ತು, ಕೇಳುವವರು ಯಾರೂ ಮನೆಯಲ್ಲಿರಲಿಲ್ಲ. ಕಾಲು ಮಡಿಸಿ ನೋಡಿದೆ. ಕಬ್ಬು ಕಡಿದ ಗದ್ದೆಯಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತು ಬರಿಗಾಲಲ್ಲಿ ಬಂದ ದಿನ ಕೂಳೆ ಚುಚ್ಚಿತ್ತು. ನೆಲಕ್ಕಂಟಿ ಉಳಿದ ಕಬ್ಬಿನ ಬುಡ, ಕತ್ತಿಯಷ್ಟು ಚೂಪು. ರಕ್ತ ಒರೆಸಿ ಮರೆತಿದ್ದೆ. ಈಗ ಅಲ್ಲಿ ಕೀವು ತುಂಬಿ ಬಿಗಿದಿತ್ತು. ಕಾಲಿಗೆ ನಂಜಾದರೆ ತೊಡೆಸಂದಿಯ ಗ್ರಂಥಿ ಊದುತ್ತದೆ. ಮಕ್ಕಳಿಗೆ ನಾನೇ ಪಾಠ ಮಾಡಿದ ವಿಷಯ. ಅತ್ತೆಗೆ ತೋರಿಸಿದೆ, ಬಿಡಿಸಿ ಹೇಳಿದೆ.

ಅವಳು ಪಾದವನ್ನೂ ನನ್ನ ಮುಖವನ್ನೂ ನೋಡಿದಳು.

"ಅಂಗಾರೆ ನಾನ್ಯಾಕ್ಲಾ ಬಂದೆ ಈ ಅಟ್ಟಿಗೆ?"

ತಮಾಷೆಗೆ ಅಂದಳು. ಹಾಗೆ ಅಂದುಕೊಳ್ಳುತ್ತೇನೆ. ಆದರೆ ಆ ಮಾತಿನ ಜೊತೆಗೇ ಕಣಜದ ಹತ್ತಿರದ ಬಾಲ ಮತ್ತೆ ನನ್ನ ಕಣ್ಣಿಗೆ ಬಿತ್ತು. ಸತ್ತ ಇಲಿಯ ಮೈ ತಣ್ಣಗಾದ ಮೇಲೆ ಚಿಗಟ ಬೇರೆ ಬಿಸಿಮೈ ಹುಡುಕುತ್ತದೆ. ಇದು ನನ್ನದೇ ಭಾಷಣದ ವಾಕ್ಯ. ಇಲ್ಲದ ಸಾವಿಗೆ ಹೆದರಿ ಓಡಿದ ನಾನು ಇದ್ದ ಸಾವಿನ ಮನೆಯೊಳಕ್ಕೆ ಅವಳನ್ನು ಎಳೆದುಕೊಂಡು ಬಂದಿದ್ದೆ. ಒಮ್ಮೆ ಬಂದು ಉಳಿದವರಿಗೆ ಮತ್ತೆ ಬರುವುದಿಲ್ಲ ಎಂಬ ಖಾತ್ರಿ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಕಾಳು ಮುಗಿಯಿತು, ಏಳು ಎಂದಳು. ಬಾಗಿಲಿಗೆ ಮತ್ತೆ ಬೀಗ ಹಾಕಿ ಮುಳ್ಳೆಳೆದು, ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೋದೆವು. ಅವಳು ಕಾಲುವೆಯಲ್ಲಿ ಉಟ್ಟ ಸೀರೆಯ ಸಮೇತ ಮುಳುಗಿ ಎದ್ದು ಹೋದಳು. ಒಂದು ಕಪ್ಪೆ ಜಿಗಿದದ್ದಕ್ಕೆ ಕಿರುಚಿದ್ದು ನನಗೆ ಕೇಳಿಸಿತು. ನಾನೂ ಮುಳುಗಿದೆ. ಅವತ್ತು ಸಂಜೆ ಅವಳು ಗುಡಿಸಲಿನ ಇಬ್ಬರು ಹೆಂಗಸರ ಮೇಲೆ ಉಪ್ಪಿನ ವಿಷಯಕ್ಕೆ ದೊಡ್ಡ ಜಗಳ ತೆಗೆದು, ಚಾಪೆ ಎತ್ತಿಕೊಂಡು ಹುಲ್ಲಿನ ಮೆದೆಯ ಪಕ್ಕ ಒಬ್ಬಳೇ ಮಲಗಿದಳು. ಮತ್ತೆ ಆ ಗುಡಿಸಲಿಗೆ ಹೋಗಲಿಲ್ಲ. ಜಗಳ ನಿಜವೋ ನೆಪವೋ ಅವಳೊಬ್ಬಳಿಗೇ ಗೊತ್ತು.

ಮಾರನೆಯ ಬೆಳಗ್ಗೆ ಒನಕೆಗೆ ಮುಂಚೆಯೇ ಗೌಡರಿಗೆ ಅಂಗಾಲು ತೋರಿಸಿ, ತೊಡೆಸಂದಿಯದನ್ನೂ ಹೇಳಿ, ಊರೊಳಕ್ಕೆ ಹೋದದ್ದನ್ನು ಮಾತ್ರ ಬಿಟ್ಟು, ನನ್ನನ್ನು ಬೇರೆ ಕೂರಿಸಿ ಎಂದೆ. ದಿಬ್ಬವೆಲ್ಲ ನೋಡುತ್ತಿತ್ತು. ನೋಡಲಿ ಅನಿಸಿತು. ಗೌಡರು ಪಾದವನ್ನು ದೂರದಿಂದಲೇ ಬಗ್ಗಿ ನೋಡಿದರು. ನಂಬಿದರೋ ಇಲ್ಲವೋ. ಜೋಪಡಿಗೆ ಕಳಿಸಲಿಲ್ಲ, ಒನಕೆಗೆ ಸ್ವಲ್ಪ ದೂರದ ಹೊಂಗೆಮರದ ಕೆಳಗೆ ಇರಿ ಎಂದರು.

ಆ ಮರದ ಕೆಳಗಿನ ದಿನಗಳೇ ಆ ಋತುವಿನ ನಿಜವಾದ ಭಯ. ಪಾದ ಒಡೆದು ವಾಸಿಯಾಗುತ್ತಾ ಬಂತು, ಗಂಟು ಕರಗಿತು. ನನ್ನ ಬಗ್ಗೆ ಹೆದರುವುದು ಹೆಚ್ಚು ಕಡಿಮೆ ಮುಗಿಯಿತು. ಪ್ರತಿ ಬೆಳಗ್ಗೆ ಬೆಳಕು ಹರಿಯುವ ಮುಂಚೆಯೇ ಎದ್ದು ಕೂತು, ಮಂಜಿನಲ್ಲಿ ಸಾಲು ಬರುವುದನ್ನು ಕಾಯುತ್ತಿದ್ದೆ. ಒಬ್ಬೊಬ್ಬರೇ ದಾಟುತ್ತಿದ್ದರು. ಅವಳು ಯಾವಾಗಲೂ ಕೊನೆಗೆ ಬರುತ್ತಿದ್ದಳು. ನಿಲ್ಲುತ್ತಿದ್ದಳು, ಗೌಡರಿಗೆ ಏನೋ ಬಯ್ಯುತ್ತಿದ್ದಳು, ಸೀರೆ ಎತ್ತಿ ಹಿಡಿದು ಒಂದು ಕಾಲು, ಇನ್ನೊಂದು ಕಾಲು. ದಾಟಿದ ಮೇಲೆ ನನ್ನ ಉಸಿರು ಬರುತ್ತಿತ್ತು. ಮತ್ತೆ ನಾಳೆಯ ಬೆಳಗ್ಗೆ.

ಒಂದು ದಿನ ಒನಕೆಯ ಮೇಲೆ ಕಾಲೆತ್ತಿದವಳು ಮುಗ್ಗರಿಸಿದಳು. ಗೌಡರು ಕಂಬಳಿಯಿಂದ ಕೈ ತೆಗೆದರು. ಕಾಲುವೆಗೆ ಇಳಿಯುತ್ತಿದ್ದವರು ತಿರುಗಿ ನಿಂತರು. ನಾನು ಎದ್ದುಬಿಟ್ಟಿದ್ದೆ. ಅವಳು ನೇರವಾಗಿ ಹೊಂಗೆಮರದ ಕಡೆಗೆ ತಿರುಗಿ ಕೂಗಿದಳು.

"ನೆರಿಗೆ ಕಣ್ಲಾ, ನೆರಿಗೆ ತುಳ್ದೆ. ಕುಂತ್ಕ."

ಇನ್ನೊಮ್ಮೆ ಹಿಂದಕ್ಕೆ ಹೋಗಿ, ಗೌಡರ ಮುಂದೆ ಒನಕೆಯನ್ನು ಮತ್ತೆ ದಾಟಿದಳು, ಬೇಕೆಂದೇ ಕಾಲು ಎತ್ತರಕ್ಕೆ ಎತ್ತಿ.

ಈಗ ಏನಾಗದೆ, ಎಂದು ಆ ಮರದ ಕೆಳಗೆ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೆ. ಕೆಲವು ಸಲ ಅದು ಕೆಲಸ ಮಾಡುತ್ತಿತ್ತು. ಇಬ್ಬನಿ ಇದೆ, ಹೊಂಗೆ ಎಲೆಯಿಂದ ಹನಿ ಬೀಳುತ್ತಿದೆ, ಅವಳು ಅಲ್ಲಿ ಹಲ್ಲುಜ್ಜುತ್ತಿದ್ದಾಳೆ, ಬದುಕಿದ್ದಾಳೆ. ಬಹಳ ಸಲ ಕೆಲಸ ಮಾಡುತ್ತಿರಲಿಲ್ಲ. ಎಮ್ಮೆ ಬಂದು ಮೂಸಿ ಹೋಗದೆ ಅಲ್ಲೇ ಮಲಗಿಬಿಡುತ್ತಿತ್ತು. ಅದನ್ನೂ ನೋಡುತ್ತಾ ಕೂರಬೇಕು ಎಂದು ನಿಧಾನಕ್ಕೆ ತಿಳಿಯಿತು. ಇದಕ್ಕಿಂತ ದೊಡ್ಡ ಜ್ಞಾನ ಯಾವುದೂ ನನಗೆ ಆ ವರ್ಷ ದೊರೆಯಲಿಲ್ಲ, ಆಮೇಲೂ ದೊರೆತಿಲ್ಲ.

ಅವಳಿಗೆ ಏನೂ ಆಗಲಿಲ್ಲ. ಬಿಸಿಲು ಏರಿ, ಕಬ್ಬು ಮುಗಿದು, ಇಲಿ ಬೀಳುವುದು ನಿಂತು, ಯುಗಾದಿಯ ಹೊತ್ತಿಗೆ ಗೌಡರು ಊರಿಗೆ ಮರಳಲು ಒಪ್ಪಿದರು. ಅವಳು ಆಮೇಲೆ ಎಷ್ಟೋ ವರ್ಷ ಬದುಕಿದಳು. ಸ್ವಾತಂತ್ರ್ಯ ಬಂದ ದಿನ ಶಾಲೆಯಲ್ಲಿ ಹಂಚಿದ ಸಕ್ಕರೆಯನ್ನು ತಂದು ಕೊಟ್ಟಾಗ, ಇಷ್ಟೇನಾ ಕೊಟ್ಟಿದ್ದು ಎಂದು ಕೇಳಿದಳು. ಆ ಮಧ್ಯಾಹ್ನದ ಬಗ್ಗೆ ಅವಳನ್ನು ಹಲವು ಸಲ ಕೇಳಿದ್ದೇನೆ. ಒಂದೇ ಉತ್ತರ: "ನಾನಾ? ಪಿಳೇಗಿನ ಊರೊಳಿಕ್ಕಾ? ನಂಗೇನ್ ತಲೆ ಕೆಟ್ಟಿತ್ತಾ? ಜ್ವರದಲ್ಲಿ ಏನೋ ಕನಸು ಕಂಡಿದ್ದೀಯ ಬುಡು." ಆಣೆ ಮುರಿದದ್ದನ್ನು ಗೌಡರಿಂದ ಮುಚ್ಚಿಡಲು ಶುರುವಾದ ಸುಳ್ಳನ್ನು, ಗೌಡರು ಸತ್ತ ಮೇಲೂ ಅವಳು ಬಿಡಲಿಲ್ಲ. ಸುಳ್ಳೇ ಆಗಿದ್ದರೆ. ಎಮ್ಮೆಯ ಮಾತನ್ನು ನೆನಪಿಸಿದರೆ, ಅಂಥದ್ದೆಲ್ಲ ಓದಿದವರಿಗೆ ಹೊಳೆಯುತ್ತದೆ, ನನಗೆಲ್ಲಿ ಎನ್ನುತ್ತಿದ್ದಳು. ಕೇಳಿ ಕೇಳಿ ನನಗೂ ಅವಳ ಮಾತೇ ನಿಜವಿರಬೇಕು ಎನಿಸಿದ ದಿನಗಳಿವೆ.

ಅವಳು ಆಡಿದ ಮಾತುಗಳಿಗೆ ಸಾಕ್ಷಿಯಿಲ್ಲ. ನನ್ನೊಳಗೆ ನಿಂತುಹೋದದ್ದು ಏನೆಂಬುದಕ್ಕೂ ಇಲ್ಲ. ಒಂದನ್ನು ಮಾತ್ರ ಪರೀಕ್ಷಿಸಿ ನೋಡಿದ್ದೇನೆ. ಊರಿಗೆ ಮರಳಿದ ದಿನ, ಸುಣ್ಣ ಬಳಿಯುವವರು ಬರುವ ಮುಂಚೆ, ನಾನೊಬ್ಬನೇ ಹೋಗಿ ಮುಳ್ಳು ಸರಿಸಿ ಬೀಗ ತೆಗೆದೆ. ನಡುಮನೆಯ ನೆಲದ ಮೇಲೆ ಒಣಗಿ ಸುರುಟಿಕೊಂಡ ಅವರೆ ಸಿಪ್ಪೆ ಬಿದ್ದಿತ್ತು. ಎಳೆದಾಡಲು ಊರಲ್ಲಿ ಒಂದು ಇಲಿಯೂ ಉಳಿದಿರಲಿಲ್ಲವಾದ್ದರಿಂದ ಹಾಕಿದ್ದು ಹಾಕಿದ ಹಾಗೇ ಇತ್ತು. ಗೋಡೆಯ ಪಕ್ಕದಲ್ಲಿ, ನಾನು ಕೂತಿದ್ದಲ್ಲಿ, ಒಂದು ಸಣ್ಣ ಗುಡ್ಡೆ. ಕಂಬದ ಬುಡದಲ್ಲಿ ಇನ್ನೊಂದು, ಅದಕ್ಕಿಂತ ದೊಡ್ಡದು.